ಮೆಷಿನ್ ಬೇಡ ಅಂದರೆ ಯಾರನ್ನು ಕೇಳಬೇಕು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕಂಪ್ಯೂಟರಿಗೆ ಸಂಬಂಧಪಟ್ಟವು. ರೇಶನ್, ಕೆಲಸ, ಪಂಚಾಯತ್ ಅರ್ಜಿ, ಮಕ್ಕಳ ಶಾಲೆ, ಫೋನಿನಲ್ಲಿ ಆಗುವ ಮೋಸ. ನಾನು ಕಾಸರಗೋಡು ಕಡೆಯ ಒಂದು ಸಹಕಾರಿ ಸಂಘದ ಕೌಂಟರಿನಲ್ಲಿ ಕೂತು, ಲೆಡ್ಜರಿನಿಂದ ಕಂಪ್ಯೂಟರಿಗೆ ದಾಟಿದವಳು. ನಿವೃತ್ತಿಯಾದ ಮೇಲೂ ಊರಿನವರ ಕಾಗದಪತ್ರಗಳು ನಮ್ಮ ಮನೆ ಜಗಲಿಗೇ ಬರುತ್ತವೆ. ಅಲ್ಲಿ ನೋಡಿದ್ದನ್ನೂ ಕಾನೂನಿನಲ್ಲಿ ಇರುವುದನ್ನೂ ಸೇರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಅಮ್ಮ ಆಯುಷ್ಯವಿಡೀ ಅಡಿಕೆ ಸುಲಿದವರು. ರೇಶನ್ ಅಂಗಡಿಯ ಮೆಷಿನ್ ಅವರ ಬೆರಳನ್ನು ತಗೊಳ್ಳುವುದೇ ಇಲ್ಲ. ‘ಕಂಪ್ಯೂಟರ್ ಒಪ್ಪುವುದಿಲ್ಲ, ನಾವೇನು ಮಾಡುವುದು’ ಎಂದು ವಾಪಸು ಕಳಿಸಿದರು. ಏನು ಮಾಡಬೇಕು? – ಒಬ್ಬ ಮಗಳು, ಪೆರ್ಲ

ಮೊದಲಿಗೆ ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ: ಬೆರಳು ಹೊಂದಲಿಲ್ಲ ಎಂಬ ಒಂದೇ ಕಾರಣಕ್ಕೆ ಅಕ್ಕಿ ಕೊಡದೆ ಕಳಿಸುವ ಹಾಗಿಲ್ಲ.

ಮೆಟ್ಟುಕತ್ತಿಯ ಮುಂದೆ ಕೂತು ಒಣ ಅಡಿಕೆ ಸುಲಿಯುವವರ ಕೈಯನ್ನು ಹತ್ತಿರದಿಂದ ನೋಡಿದ್ದೀರಲ್ಲ? ಹೆಬ್ಬೆರಳಿನ ತುದಿ ನುಣುಪಾಗಿ ಹೊಳೆಯುತ್ತಿರುತ್ತದೆ. ಗೆರೆಗಳ ಮೇಲೆ ಅಡ್ಡಡ್ಡ ಸಣ್ಣ ಗೀರುಗಳು. ಗೀರಿನ ಒಳಗೆ ಚೊಗರು ಕಪ್ಪಾಗಿ ಕೂತಿರುತ್ತದೆ, ಸಾಬೂನಿಗೆ ಹೋಗುವುದಿಲ್ಲ. ಬೀಡಿ ಕಟ್ಟುವವರದ್ದೂ ಹೀಗೇ. ಗೇರುಬೀಜದ ಫ್ಯಾಕ್ಟರಿಯಲ್ಲಿ ದುಡಿದವರದ್ದು ಇನ್ನೂ ಕಷ್ಟ, ಸಿಪ್ಪೆಯ ಎಣ್ಣೆ ಚರ್ಮವನ್ನೇ ಸುಡುತ್ತದೆ. ಬೆರಳಿನ ಗೆರೆಗಳು ಎಲ್ಲಿ ಕವಲೊಡೆಯುತ್ತವೆ, ಎಲ್ಲಿ ಮುಗಿಯುತ್ತವೆ ಎಂಬುದನ್ನು ಮೆಷಿನ್ ನೋಡುತ್ತದೆ. ಗೆರೆಯೇ ಸವೆದಿದ್ದರೆ ಹೋಲಿಸಲು ಅದಕ್ಕೇನೂ ಸಿಗುವುದಿಲ್ಲ. ನಿಮ್ಮ ಅಮ್ಮ ದುಡಿದದ್ದಕ್ಕೆ ಅವರ ಬೆರಳು ಹೀಗಾಗಿದೆ. ಅದಕ್ಕಾಗಿ ಅವರು ಅಂಗಡಿಯಲ್ಲಿ ತಲೆ ತಗ್ಗಿಸಿ ನಿಲ್ಲಬೇಕಾಗಿ ಬಂದದ್ದು ನನಗೆ ಬಹಳ ಬೇಸರ ತಂದಿತು.

2017ರ ಸೆಪ್ಟೆಂಬರಿನಲ್ಲಿ ಜಾರ್ಖಂಡಿನ ಸಿಮ್‌ಡೆಗಾ ಜಿಲ್ಲೆಯಲ್ಲಿ ಹನ್ನೊಂದು ವರ್ಷದ ಹುಡುಗಿಯೊಬ್ಬಳು ತೀರಿಕೊಂಡಳು. ಆಧಾರ್ ಜೋಡಿಸಲಿಲ್ಲ ಎಂದು ಮನೆಯ ರೇಶನ್ ಕಾರ್ಡ್ ರದ್ದಾಗಿತ್ತು, ಮಗಳು ಹಸಿವಿನಿಂದ ಸತ್ತಳು ಎಂದು ತಾಯಿ ಹೇಳಿದರು. ಅಧಿಕಾರಿಗಳು ಹಸಿವು ಕಾರಣ ಅಲ್ಲ ಎಂದರು. ದೇಶವಿಡೀ ಗಲಾಟೆಯಾಯಿತು. ಅದೇ ಅಕ್ಟೋಬರ್ 24ರಂದು ಕೇಂದ್ರ ಆಹಾರ ಇಲಾಖೆ ಎಲ್ಲ ರಾಜ್ಯಗಳಿಗೆ ಬರೆಯಿತು: ಆಧಾರ್ ಇಲ್ಲ, ಬೆರಳು ಹೊಂದಲಿಲ್ಲ, ನೆಟ್‌ವರ್ಕ್ ಇಲ್ಲ ಎಂದು ಯಾರಿಗೂ ರೇಶನ್ ತಪ್ಪಿಸಬಾರದು. ಕಾರ್ಡ್ ನೋಡಿ ಕೊಡಬೇಕು, ಹಾಗೆ ಕೊಟ್ಟದ್ದನ್ನು ಬೇರೆ ಪುಸ್ತಕದಲ್ಲಿ ಬರೆದಿಡಬೇಕು. ಆಧಾರ್ ಬಗ್ಗೆ 2018ರ ಸೆಪ್ಟೆಂಬರ್ 26ರಂದು ಬಂದ ಸುಪ್ರೀಂ ಕೋರ್ಟ್ ತೀರ್ಪಿನಲ್ಲೂ, ಮೆಷಿನ್ ಒಪ್ಪಲಿಲ್ಲ ಎಂದು ಅರ್ಹರಿಗೆ ಸೌಲಭ್ಯ ತಪ್ಪಬಾರದು ಎಂಬ ಮಾತಿದೆ.

ಈಗ ಅಂಗಡಿಗೆ ಹೋಗುವಾಗ ಹೀಗೆ ಮಾಡಿ. ಬಿಸಿನೀರಿನಲ್ಲಿ ಕೈ ತೊಳೆದು, ಸ್ವಲ್ಪ ತೆಂಗಿನೆಣ್ಣೆ ಉಜ್ಜಿ, ಬಟ್ಟೆಯಲ್ಲಿ ಚೆನ್ನಾಗಿ ಒರೆಸಿಕೊಳ್ಳಲಿ. ಹೆಬ್ಬೆರಳೇ ಆಗಬೇಕು ಎಂದೇನಿಲ್ಲ. ಆಧಾರಿನಲ್ಲಿ ಹತ್ತೂ ಬೆರಳು ಉಂಟು. ಸುಲಿಯುವಾಗ ಉಂಗುರ ಬೆರಳು, ಕಿರುಬೆರಳಿಗೆ ತಿಕ್ಕಾಟ ಕಡಿಮೆ, ಅದನ್ನು ಇಡಿಸಿ. ಆಗಲಿಲ್ಲವಾ, ಕಾರ್ಡಿಗೆ ಜೋಡಿಸಿದ ಫೋನಿಗೆ ಒಟಿಪಿ ತರಿಸಬಹುದು. ನಂಬರ್ ಜೋಡಿಸದಿದ್ದರೆ ಈ ವಾರವೇ ಆನ್‌ಲೈನ್ ಅರ್ಜಿಗಳನ್ನು ಮಾಡಿಕೊಡುವ ಅಕ್ಷಯ ಕೇಂದ್ರಕ್ಕೆ ಹೋಗಿ ಜೋಡಿಸಿ. ಕೇರಳದಲ್ಲಿ ಯಾವ ರೇಶನ್ ಅಂಗಡಿಯಿಂದಲೂ ಸಾಮಾನು ತರಬಹುದು, ಹಾಗಾಗಿ ನೆಟ್‌ವರ್ಕ್ ಚೆನ್ನಾಗಿರುವ ಅಂಗಡಿಗೆ ಹೋದರೂ ಆಯಿತು.

ಇಷ್ಟಾದರೂ ಕೊಡಲಿಲ್ಲ ಅಂದರೆ, ‘ಕೊಡುವುದಿಲ್ಲ ಎಂದು ಕಾರಣ ಸಹಿತ ಬರೆದು ಕೊಡಿ’ ಎಂದು ಕೇಳಿ. ನೀವೇ ಅಮ್ಮನ ಜೊತೆಗಿದ್ದು ಕೇಳಿ. ಬರೆದು ಕೊಡಬೇಕು ಅಂದಾಗ ಹೆಚ್ಚಿನ ಕಡೆ ಅಕ್ಕಿಯೇ ಬರುತ್ತದೆ, ಇದನ್ನು ನಾನು ನೋಡಿದ್ದೇನೆ. ಬರದಿದ್ದರೆ 1967ಕ್ಕೆ ಫೋನ್ ಮಾಡಿ, ತಾಲೂಕು ಸಪ್ಲೈ ಆಫೀಸಿಗೆ ಒಂದು ಪುಟದ ದೂರು ಕೊಡಿ. ಜಿಲ್ಲೆಯಲ್ಲಿ ಒಬ್ಬರು ದೂರು ಪರಿಹಾರ ಅಧಿಕಾರಿ ಇರಬೇಕು ಎಂದು 2013ರ ಆಹಾರ ಭದ್ರತಾ ಕಾಯ್ದೆಯೇ ಹೇಳುತ್ತದೆ. ಅವರಿಗೂ ಒಂದು ಪ್ರತಿ ಹೋಗಲಿ.

ಪ್ರಶ್ನೆ: ‘ನಿಮ್ಮ ಮಗನ ಹೆಸರಿನ ಪಾರ್ಸೆಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ನೀವು ಡಿಜಿಟಲ್ ಅರೆಸ್ಟ್’ ಎಂದು ವೀಡಿಯೊ ಕಾಲ್ ಬಂತು. ಮಗ ದುಬೈಯಲ್ಲಿದ್ದಾನೆ. ಕೈಕಾಲು ನಡುಗಿತು. – ನಿವೃತ್ತ ಅಧ್ಯಾಪಕರು, ಕುಂಬಳೆ

ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ದೇಶದ ಯಾವ ಕಾನೂನಿನಲ್ಲೂ ಇಲ್ಲ. ಪೊಲೀಸರು, ಕಸ್ಟಮ್ಸ್, ಸಿಬಿಐ, ಯಾರೂ ವೀಡಿಯೊ ಕಾಲಿನಲ್ಲಿ ಬಂಧಿಸುವುದಿಲ್ಲ, ದುಡ್ಡು ಕೇಳುವುದಿಲ್ಲ. ಕಾಲ್ ಕಟ್ ಮಾಡಿ. ಮಗನಿಗೆ ನೀವೇ ಫೋನ್ ಮಾಡಿ.

ಗಲ್ಫಿನಲ್ಲಿ ಮಕ್ಕಳಿರುವ ಮನೆಗಳು ನಮ್ಮಲ್ಲಿ ಜಾಸ್ತಿ. ದೂರದಲ್ಲಿರುವ ಮಗನ ಹೆಸರು ಕೇಳಿದರೆ ಯಾವ ತಂದೆತಾಯಿಗೂ ಬುದ್ಧಿ ಓಡುವುದಿಲ್ಲ. ಮೋಸಗಾರರು ಹಿಡಿಯುವುದೇ ಅಲ್ಲಿ. ‘ಯಾರಿಗೂ ಹೇಳಬೇಡಿ, ಕ್ಯಾಮೆರಾ ಆಫ್ ಮಾಡಬೇಡಿ’ ಎಂದು ಅವರು ಹೇಳುವುದು ನಿಮ್ಮನ್ನು ಒಂಟಿ ಮಾಡಲಿಕ್ಕೆ. ಅದಕ್ಕೇ ತಕ್ಷಣ ಪಕ್ಕದ ಮನೆಯವರನ್ನು ಕರೆಯಿರಿ. ದುಡ್ಡು ಹೋಗಿದ್ದರೆ ಒಂದು ಗಳಿಗೆಯೂ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲು ತಡೆಹಿಡಿಯಲು ಸಾಧ್ಯ ಉಂಟು. ಇನ್ನೊಂದು ವಿಷಯ: ಹಣ ಪಡೆಯುವುದಕ್ಕೆ ಯುಪಿಐ ಪಿನ್ ಬೇಡ. ಪಿನ್ ಕೇಳಿದರೆ ದುಡ್ಡು ಹೋಗುತ್ತಾ ಇದೆ ಎಂದೇ ಅರ್ಥ.

ಪ್ರಶ್ನೆ: ನಾನು ಮಂಗಳೂರಿನಲ್ಲಿ ಆ್ಯಪ್ ಮೂಲಕ ಊಟ ಡೆಲಿವರಿ ಮಾಡುತ್ತೇನೆ, ಮನೆ ಮಂಜೇಶ್ವರ. ಒಂದು ಬೆಳಿಗ್ಗೆ ಐಡಿ ಬ್ಲಾಕ್ ಆಗಿತ್ತು. ಕಾರಣ ಇಲ್ಲ, ಕೇಳಲು ಆಫೀಸೂ ಇಲ್ಲ. ಚಾಟ್‌ನಲ್ಲಿ ಬರೆದರೆ ಮೆಷಿನ್ನೇ ಉತ್ತರ ಕೊಡುತ್ತದೆ. ನಾವು ನೌಕರರೇ ಅಲ್ಲವಂತೆ. – ಒಬ್ಬ ರೈಡರ್

‘ನೀವು ನೌಕರರಲ್ಲ, ಪಾರ್ಟ್‌ನರ್’ ಎಂಬ ಮಾತನ್ನು ನಮ್ಮ ಜಿಲ್ಲೆಗಳು ಬೇರೆ ರೂಪದಲ್ಲಿ ಮೊದಲೇ ಕೇಳಿವೆ. ಪಿಗ್ಮಿ ಕಲೆಕ್ಟರುಗಳನ್ನು ನೆನಪು ಮಾಡಿಕೊಳ್ಳಿ.

1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕ್ ದಿನಕ್ಕೆ ಎರಡಾಣೆಯಿಂದ ಪಿಗ್ಮಿ ಠೇವಣಿ ಶುರು ಮಾಡಿತು. ಆಮೇಲೆ ಕರಾವಳಿಯಿಡೀ ಅದೇ ಪದ್ಧತಿ ಬಂತು. ನಮ್ಮ ಸಂಘದ ಪಿಗ್ಮಿಯವರನ್ನು ನಾನು ದಿನಾ ನೋಡುತ್ತಿದ್ದೆ. ಕಂಕುಳಲ್ಲಿ ಚೀಲ, ಕೈಯಲ್ಲಿ ರಶೀದಿ ಪುಸ್ತಕ. ಮಳೆಗಾಲದಲ್ಲಿ ಪುಸ್ತಕಕ್ಕೆ ಪ್ಲಾಸ್ಟಿಕ್ ಸುತ್ತಿ, ತಾವು ನೆನೆಯುತ್ತಾ ಬರುತ್ತಿದ್ದರು. ಹೂವಿನವಳ ಹತ್ತು ರೂಪಾಯಿ, ಗೂಡಂಗಡಿಯವನ ಇಪ್ಪತ್ತು ರೂಪಾಯಿ, ಎಲ್ಲ ಸಂಜೆ ಕೌಂಟರಿಗೆ ಬಂದು ಲೆಕ್ಕಕ್ಕೆ ಸರಿಹೊಂದಬೇಕು. ಸಂಬಳ ಇಲ್ಲ, ಕಮಿಷನ್ ಮಾತ್ರ. ಕಾಯಿಲೆ ಬಿದ್ದರೆ ಏನೂ ಇಲ್ಲ.

ಅವರು ನೌಕರರಲ್ಲ, ಏಜೆಂಟರು ಎಂದು ಬ್ಯಾಂಕುಗಳು ವಾದಿಸಿದವು. ವರ್ಷಗಟ್ಟಲೆ ಕೇಸು ನಡೆಯಿತು. 2001ರಲ್ಲಿ ಸುಪ್ರೀಂ ಕೋರ್ಟ್, ಸಿಂಡಿಕೇಟ್ ಬ್ಯಾಂಕಿನ ಕೆಲಸಗಾರರಿದ್ದ ಪ್ರಕರಣದಲ್ಲಿ, ಠೇವಣಿ ಕಲೆಕ್ಟರುಗಳೂ ಕಾರ್ಮಿಕರೇ ಎಂದು ಹೇಳಿತು. ದುಡ್ಡು ಕಮಿಷನ್ ರೂಪದಲ್ಲಿ ಬಂದರೂ ಅದು ಕೂಲಿಯೇ, ಕೆಲಸದ ಮೇಲೆ ಬ್ಯಾಂಕಿನ ಹಿಡಿತ ಉಂಟು ಎಂಬುದು ಅಲ್ಲಿ ಗಣನೆಗೆ ಬಂತು. ನಿಮ್ಮ ವಿಷಯದಲ್ಲಿ ಹಿಡಿತ ಇನ್ನೂ ಬಿಗಿ ಅಲ್ವಾ? ಯಾವ ದಾರಿ, ಎಷ್ಟು ನಿಮಿಷ, ಎಷ್ಟು ಸ್ಟಾರ್, ಎಲ್ಲವನ್ನೂ ಆ್ಯಪ್ ಅಳೆಯುತ್ತದೆ. ಕಲೆಕ್ಟರಿಗೆ ಬೈಯಲಿಕ್ಕಾದರೂ ಒಬ್ಬ ಮ್ಯಾನೇಜರ್ ಇದ್ದರು, ಜಗಳ ಮಾಡಲಿಕ್ಕೂ ಅವರೇ. ನಿಮ್ಮ ಎದುರು ಆ ಮನುಷ್ಯನನ್ನೇ ತೆಗೆದಿದ್ದಾರೆ. ನನಗೆ ಇದರಲ್ಲಿ ಅತಿ ದೊಡ್ಡ ಅನ್ಯಾಯ ಅನಿಸುವುದು ಅದು.

ನಿಮಗೆ ಒಂದು ದಾರಿ ಉಂಟು. ಆ್ಯಪ್ ಕೆಲಸಗಾರರಿಗೆ 2023ರಲ್ಲಿ ರಾಜಸ್ಥಾನ ಮೊದಲು ಕಾಯ್ದೆ ತಂದಿತು, 2025ರಲ್ಲಿ ಕರ್ನಾಟಕ ತಂದಿತು. ಕರ್ನಾಟಕದ ಕಾಯ್ದೆಯಲ್ಲಿ ಕಾರಣ ಹೇಳದೆ ಕೆಲಸದಿಂದ ತೆಗೆಯಬಾರದು, ಮೊದಲೇ ನೋಟಿಸ್ ಕೊಡಬೇಕು, ಕೆಲಸ ಹಂಚುವ ಕಂಪ್ಯೂಟರ್ ವ್ಯವಸ್ಥೆ ಹೇಗೆ ತೀರ್ಮಾನ ಮಾಡುತ್ತದೆ ಎಂಬ ಮಾಹಿತಿ ಕೊಡಬೇಕು ಎಂಬ ಅಂಶಗಳಿವೆ. ನೀವು ದುಡಿಯುವುದು ಮಂಗಳೂರಿನಲ್ಲಿ. ಹಾಗಾಗಿ ಅಲ್ಲಿನ ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಿ. ತಲಪಾಡಿಯ ಗಡಿ ಗೇಟು ದಾಟಿ ಈ ಕಡೆ, ಕೇರಳದಲ್ಲಿ ಡೆಲಿವರಿ ಮಾಡುವ ನಿಮ್ಮ ಗೆಳೆಯರಿಗೆ ಆ ಕಾಯ್ದೆ ಸಿಗುವುದಿಲ್ಲ. ಕೆಲಸ ಒಂದೇ, ಆ್ಯಪ್ ಒಂದೇ, ರಕ್ಷಣೆ ಮಾತ್ರ ಗೇಟಿನ ಆಚೆ. ನೀವೆಲ್ಲ ಒಟ್ಟಾಗಿ ಇದನ್ನು ಎತ್ತಲೇಬೇಕು.

ಅಷ್ಟರೊಳಗೆ ಐಡಿ ಬ್ಲಾಕ್ ಆದ ಸ್ಕ್ರೀನಿನ ಫೋಟೊ, ಹಿಂದಿನ ತಿಂಗಳುಗಳ ಸಂಪಾದನೆ, ರೇಟಿಂಗ್, ಎಲ್ಲವನ್ನೂ ತೆಗೆದಿಟ್ಟುಕೊಳ್ಳಿ. ಆ್ಯಪ್‌ಗೆ ಪ್ರವೇಶ ಪೂರ್ತಿ ಹೋದರೆ ಆಮೇಲೆ ಸಿಗುವುದಿಲ್ಲ.

ಪ್ರಶ್ನೆ: ಡಿಟಿಪಿ ಮತ್ತು ಅನುವಾದ ಮಾಡಿ ಮನೆ ನಡೆಸುತ್ತೇನೆ. ಎಐ ಬಂದ ಮೇಲೆ ‘ಅದೇ ಮಾಡುತ್ತದೆ, ನೀವು ಸುಮ್ನೆ ತಿದ್ದಿಕೊಡಿ’ ಎಂದು ಅರ್ಧ ದುಡ್ಡು ಕೊಡುತ್ತಾರೆ. ಈ ಕೆಲಸ ಬಿಡಲಾ? – ಒಬ್ಬಾಕೆ, ಬದಿಯಡ್ಕ

ಬಿಡಬೇಡಿ. ಆದರೆ ಮೊದಲಿನ ಹಾಗೆಯೇ ನಡೆಯುತ್ತದೆ ಎಂಬ ಸುಳ್ಳು ಸಮಾಧಾನವನ್ನೂ ನಾನು ಹೇಳುವುದಿಲ್ಲ. ಬರೀ ಟೈಪಿಂಗ್, ಮದುವೆ ಕಾಗದ, ಸಾಧಾರಣ ಸುತ್ತೋಲೆಯ ಅನುವಾದ, ಇವಕ್ಕೆ ಹಳೆಯ ದರ ವಾಪಸು ಬರುವುದು ಕಷ್ಟ.

ಬ್ಯಾಂಕುಗಳಿಗೆ ಕಂಪ್ಯೂಟರ್ ಬಂದಾಗ ಆದದ್ದು ನಿಮಗೆ ತಿಳಿದಿರಲಿ. ನೌಕರರು ಜೋರಾಗಿ ವಿರೋಧಿಸಿದರು. ಕಡೆಗೆ 1983ರಲ್ಲಿ, ಮತ್ತೆ 1993ರಲ್ಲಿ, ಬ್ಯಾಂಕುಗಳ ಒಕ್ಕೂಟ ಮತ್ತು ಯೂನಿಯನ್ನುಗಳು ಕೂತು ಒಪ್ಪಂದ ಮಾಡಿಕೊಂಡವು. ಮೆಷಿನ್ ಬಂತು, ಆದರೆ ಮಾತುಕತೆಯಾಗಿ ಬಂತು. ನಮ್ಮ ಸಂಘಕ್ಕೆ ಅದು ಬಂದಾಗ ಬಡ್ಡಿ ಲೆಕ್ಕಕ್ಕೆ ರಾತ್ರಿ ಕೂರುವುದು ತಪ್ಪಿತು, ಅದು ನಿಜವಾದ ಸುಖ. ಅದೇ ಹೊತ್ತಿಗೆ, ನಿವೃತ್ತರಾದ ಗುಮಾಸ್ತರ ಜಾಗಕ್ಕೆ ಹೊಸಬರನ್ನು ತೆಗೆದುಕೊಳ್ಳುವುದೂ ನಿಂತಿತು. ಯಾರನ್ನೂ ಹೊರಗೆ ಹಾಕಲಿಲ್ಲ, ಒಳಗೆ ಬರುವ ಬಾಗಿಲು ಮಾತ್ರ ಮುಚ್ಚಿತು. ನಿಮ್ಮ ಹಾಗೆ ಮನೆಯಲ್ಲಿ ಕೂತು ದುಡಿಯುವವರಿಗೆ ಯೂನಿಯನ್ನೂ ಇಲ್ಲ. ಹಾಗಾಗಿ ಮೆಷಿನ್ ಉಳಿಸಿಕೊಟ್ಟ ಸಮಯದ ಲಾಭ ಪೂರ್ತಿ ಕೆಲಸ ಕೊಟ್ಟವರ ಕಿಸೆಗೆ ಹೋಗುತ್ತಿದೆ. ಊರಿನ ಡಿಟಿಪಿಯವರು ನಾಲ್ಕು ಜನ ಸೇರಿ, ‘ತಿದ್ದುವುದಕ್ಕೆ ಪುಟಕ್ಕೆ ಇಷ್ಟು’ ಎಂದು ಒಂದು ದರ ಇಟ್ಟುಕೊಂಡರೂ ವ್ಯತ್ಯಾಸ ಆಗುತ್ತದೆ.

ಇನ್ನು, ನೀವು ಇರುವ ಜಾಗದಲ್ಲೇ ಒಂದು ಬಂಡವಾಳ ಉಂಟು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರುವ ಮೊದಲು ನಾವು ದಕ್ಷಿಣ ಕನ್ನಡದಲ್ಲಿದ್ದವರು. ಆ ಕಾಲದ ಜಮೀನು ಕಾಗದ, ಪಾಲುಪಟ್ಟಿ, ವೀಲುನಾಮೆಗಳು ಕನ್ನಡದಲ್ಲಿ, ಅದೂ ಮೋಡಿಯಂಥ ಕೈಬರಹದಲ್ಲಿ. ಈಗಿನ ಆಫೀಸುಗಳಿಗೆ ಅದರ ಮಲಯಾಳ ಬೇಕು. ಸರ್ವೆ ನಂಬರಿನ ಒಂದು ಅಂಕೆ ತಪ್ಪಿದರೆ ಅಣ್ಣತಮ್ಮಂದಿರು ಕೋರ್ಟಿಗೆ ಹೋಗುತ್ತಾರೆ. ಎಐ ತಪ್ಪನ್ನೂ ಸರಿಯಷ್ಟೇ ಧೈರ್ಯದಿಂದ ಬರೆಯುತ್ತದೆ, ತಪ್ಪಾದರೆ ಜವಾಬ್ದಾರಿ ಹೊರುವುದಿಲ್ಲ. ಓದಿ, ಹೋಲಿಸಿ, ‘ಇದು ಸರಿ’ ಎಂದು ಸಹಿ ಹಾಕುವ ಕೆಲಸಕ್ಕೆ ಪೂರ್ತಿ ದುಡ್ಡು ಕೇಳಿ. ಮತ್ತೆ, ಬೇರೆಯವರ ಜಮೀನು ಕಾಗದಪತ್ರಗಳನ್ನು ಪುಕ್ಕಟೆ ಎಐ ಸೈಟುಗಳಿಗೆ ಏರಿಸಬೇಡಿ. ಅದು ಅವರ ಮನೆಯ ಗುಟ್ಟು.

ಪ್ರಶ್ನೆ: ಪಂಚಾಯತ್ ಕೆಲಸಕ್ಕೆಲ್ಲ ಈಗ ಆನ್‌ಲೈನ್ ಅರ್ಜಿ. ಸ್ಕ್ರೀನಿನಲ್ಲಿ ಮಲಯಾಳ, ಇಂಗ್ಲಿಷ್. ಕನ್ನಡದಲ್ಲಿ ಬರೆದುಕೊಟ್ಟರೆ ‘ಸಿಸ್ಟಮಿನಲ್ಲಿ ಇಲ್ಲ’ ಎನ್ನುತ್ತಾರೆ. – ಕೃಷಿಕರು, ಮುಳ್ಳೇರಿಯ

1969ರ ಕೇರಳ ಆಡಳಿತ ಭಾಷಾ ಕಾಯ್ದೆಯ ಪ್ರಕಾರ, ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಅಲ್ಲಿನ ಸರಕಾರಿ ಕಚೇರಿಗಳ ಜೊತೆ ಕನ್ನಡದಲ್ಲಿ ವ್ಯವಹರಿಸಬಹುದು. ಉತ್ತರವೂ ಕನ್ನಡದಲ್ಲೇ ಬರಬೇಕು. ಸಾಫ್ಟ್‌ವೇರ್ ಬಂತು ಎಂದು ಈ ಹಕ್ಕು ಹೋಗಿಲ್ಲ. ಕಾನೂನನ್ನು ವಿಧಾನಸಭೆ ಬದಲಿಸಬೇಕೇ ಹೊರತು ಪ್ರೋಗ್ರಾಮ್ ಬರೆಯುವವರಲ್ಲ.

ಕನ್ನಡದಲ್ಲೇ ಅರ್ಜಿ ಬರೆದು, ಕಾಯ್ದೆಯ ಹೆಸರು ಮತ್ತು ವರ್ಷ ಹಾಕಿ, ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಉತ್ತರ ಬರದಿದ್ದರೆ, ಈ ಸಾಫ್ಟ್‌ವೇರಿನಲ್ಲಿ ಕನ್ನಡ ಸೇರಿಸಲು ಏನು ಕ್ರಮ ಕೈಗೊಂಡಿದ್ದೀರಿ ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಕೇಳಿ. ಕಂಪ್ಯೂಟರಿಗೆ ಕನ್ನಡ ಕಷ್ಟ ಎಂಬ ಕಾಲ ಮುಗಿದು ಎಷ್ಟೋ ವರ್ಷ ಆಯಿತು. ಇಲ್ಲೇ ಹತ್ತಿರದ ಕಿನ್ನಿಕಂಬಳದ ಕೆ. ಪಿ. ರಾವ್ ರೂಪಿಸಿದ ಕೀಲಿಮಣೆಯಲ್ಲಿ ನಾವೆಲ್ಲ ಬರೆಯುತ್ತಿದ್ದೇವೆ. ಇನ್ನು ಬೇಕಾಗಿರುವುದು ಮನಸ್ಸು.

ಪ್ರಶ್ನೆ: ಮಗನ ಶಾಲೆಯಲ್ಲಿ ಲಿನಕ್ಸ್ ಕಲಿಸುತ್ತಾರೆ. ಹೊರಗೆ ಆಫೀಸುಗಳಲ್ಲೆಲ್ಲ ವಿಂಡೋಸ್. ಸರಕಾರಿ ಶಾಲೆಯ ಮಕ್ಕಳಿಗೆ ಇದರಿಂದ ನಷ್ಟ ಅಲ್ವಾ? – ತಂದೆ, ನೀರ್ಚಾಲು

ನಷ್ಟ ಅಲ್ಲ. ನಮ್ಮ ಮಕ್ಕಳಿಗೆ ಸಿಕ್ಕಿದ ಒಳ್ಳೆಯ ವಿಷಯಗಳಲ್ಲಿ ಇದು ಒಂದು.

1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಎಂಬವರು ಗ್ನೂ ಎಂಬ ಸ್ವತಂತ್ರ ಸಾಫ್ಟ್‌ವೇರ್ ಯೋಜನೆ ಸಾರಿದರು; ಲಿನಕ್ಸ್ ಇರುವುದೂ ಆ ದಾರಿಯಲ್ಲೇ. ಸಾಫ್ಟ್‌ವೇರನ್ನು ಬಳಸುವವರು ಅದು ಒಳಗೆ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಬಹುದು, ಬೇಕಾದಂತೆ ತಿದ್ದಬಹುದು, ಪಕ್ಕದವರಿಗೆ ಕೊಡಬಹುದು, ಹಾಗಿರಬೇಕು ಎಂಬುದು ಅವರ ವಾದ. ಆ ಚಳವಳಿಯ ಭಾರತದ ಸಂಘಟನೆ 2001ರಲ್ಲಿ ತಿರುವನಂತಪುರದಲ್ಲಿ ಶುರುವಾಯಿತು. ಕೇರಳದ ಸರಕಾರಿ ಶಾಲೆಗಳು ಆ ದಾರಿ ಹಿಡಿದವು. ಈಗ ಅದನ್ನು ನೋಡಿಕೊಳ್ಳುವುದು ಕೇರಳ ಸರಕಾರದ ಕೈಟ್ ಸಂಸ್ಥೆ. ಲೈಸೆನ್ಸಿಗೆ ಕೊಡುವ ದುಡ್ಡು ಉಳಿಯಿತು ಎಂಬುದು ಇದ್ದದ್ದೇ. ಅದಕ್ಕಿಂತ ದೊಡ್ಡದು, ಕಂಪ್ಯೂಟರಿನ ಒಳಗೆ ಇಣುಕಿ ನೋಡಬಹುದು, ಬದಲಿಸಬಹುದು ಎಂದು ಮಗು ಚಿಕ್ಕಂದಿನಲ್ಲೇ ಕಲಿಯುತ್ತದೆ. ಶಾಲಾ ಮಕ್ಕಳ ಲಿಟ್ಲ್ ಕೈಟ್ಸ್ ಎಂಬ ಕಂಪ್ಯೂಟರ್ ಕ್ಲಬ್ಬಿನ ಹುಡುಗಿಯೊಬ್ಬಳು ನಮ್ಮ ಜಗಲಿಯಲ್ಲಿ ಕೂತು ನನ್ನ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಟ್ಟಳು, ಮೆನುಗಳನ್ನೆಲ್ಲ ಕನ್ನಡಕ್ಕೆ ತಿರುಗಿಸಿದಳು. ಒಂದು ಕಡೆ ಅನುವಾದ ಸರಿ ಇಲ್ಲ ಎಂದು ನಾನು ಹೇಳಿದೆ. ‘ಆಂಟಿ, ಇದನ್ನು ನಾವೇ ತಿದ್ದಿ ಕಳಿಸಬಹುದು’ ಎಂದಳು. ಆ ಮಾತು ಹೇಳುವ ಮಗುವಿಗೆ ಆಫೀಸಿನ ವಿಂಡೋಸ್ ಕಲಿಯಲು ಒಂದು ವಾರ ಸಾಕು.

ಪ್ರಶ್ನೆ: ನಮ್ಮ ರಸ್ತೆಯ ಹೊಂಡಗಳ ಬಗ್ಗೆ ಫೇಸ್‌ಬುಕ್‌ನಲ್ಲಿ ಬರೆದೆ. ‘ಕೇಸ್ ಹಾಕಿಸುತ್ತೇವೆ’ ಎಂದು ಫೋನ್ ಬಂತು. ಅಳಿಸಿಬಿಟ್ಟೆ. – ಕಾಲೇಜು ವಿದ್ಯಾರ್ಥಿ, ಉಪ್ಪಳ

ಮತ್ತೆ ಬರೆಯಿರಿ. ಆನ್‌ಲೈನ್ ಬರಹಕ್ಕೆ ಜೈಲಿಗೆ ಹಾಕಲು ಬಳಸುತ್ತಿದ್ದ ಐಟಿ ಕಾಯ್ದೆಯ 66ಎ ಸೆಕ್ಷನನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದು ಮಾಡಿತು. ಅದೇ ತೀರ್ಪಿನಲ್ಲಿ ಕೇರಳ ಪೊಲೀಸ್ ಕಾಯ್ದೆಯ 118ಡಿ ಕೂಡ ಹೋಯಿತು. 2020ರ ನವೆಂಬರಿನಲ್ಲಿ 118ಎ ಎಂದು ಹೊಸದೊಂದು ಸುಗ್ರೀವಾಜ್ಞೆ ಬಂತು, ಮೂರು ವರ್ಷದವರೆಗೆ ಜೈಲು ಶಿಕ್ಷೆ ಇತ್ತು. ಜನ ವಿರೋಧಿಸಿದರು. ಕೆಲವೇ ದಿನಗಳಲ್ಲಿ ಸರಕಾರ ಹಿಂದೆ ಪಡೆಯಿತು.

ಮಾನನಷ್ಟದ ಕಾನೂನು ಈಗಲೂ ಉಂಟು, ಹಾಗಾಗಿ ಯಾರ ಮೇಲೂ ಲಂಚದ ಆರೋಪವನ್ನು ಸಾಕ್ಷಿ ಇಲ್ಲದೆ ಬರೆಯಬೇಡಿ. ಹೊಂಡದ ಫೋಟೊ, ಜಾಗ, ತಾರೀಕು ಹಾಕಿ. ಹೊಂಡ ಇದ್ದದ್ದು ನಿಜ ತಾನೇ? ನಿಜ ಹೇಳಿದವರು ಅಳಿಸುತ್ತಾ ಹೋದರೆ ಆ ರಸ್ತೆಯಲ್ಲಿ ಬೀಳುವವರ ಬಗ್ಗೆ ಮಾತಾಡಲು ಯಾರೂ ಉಳಿಯುವುದಿಲ್ಲ. ಬೆದರಿಕೆಯ ಫೋನ್ ನಂಬರ್ ಬರೆದಿಟ್ಟುಕೊಳ್ಳಿ.

ಪ್ರಶ್ನೆ: 2024ರಲ್ಲಿ ನಮ್ಮ ಕಾಸರಗೋಡಿನ ಅಣಕು ಮತದಾನದಲ್ಲಿ ಮತಯಂತ್ರ ತಪ್ಪು ತೋರಿಸಿತು ಎಂದು ಸುದ್ದಿಯಾಗಿತ್ತು. ನಂಬಬಹುದಾ? – ಮಧೂರು

ಆ ಏಪ್ರಿಲಿನಲ್ಲಿ, ಯಾರಿಗೆ ಮತ ಬಿತ್ತು ಎಂದು ಯಂತ್ರ ಮುದ್ರಿಸಿ ತೋರಿಸುವ ಚೀಟಿ ಒಂದು ಪಕ್ಷಕ್ಕೆ ಹೆಚ್ಚುವರಿಯಾಗಿ ಬರುತ್ತಿದೆ ಎಂದು ಬೇರೆ ಪಕ್ಷಗಳ ಏಜೆಂಟರು ದೂರಿದರು. ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಪರಿಶೀಲಿಸಿ ಎಂದು ಕೋರ್ಟ್ ಹೇಳಿತು, ಆ ಸುದ್ದಿ ಸುಳ್ಳು ಎಂದು ಚುನಾವಣಾ ಆಯೋಗ ಉತ್ತರಿಸಿತು. ಎಲ್ಲ ಚೀಟಿಗಳನ್ನೂ ಎಣಿಸಬೇಕು ಎಂಬ ಬೇಡಿಕೆಯನ್ನು ಏಪ್ರಿಲ್ 26ರಂದು ಕೋರ್ಟ್ ಒಪ್ಪಲಿಲ್ಲ. ಈಗ ಪ್ರತಿ ವಿಧಾನಸಭಾ ಕ್ಷೇತ್ರದ ಐದು ಯಂತ್ರಗಳ ಚೀಟಿ ಎಣಿಸಿ ಹೋಲಿಸುತ್ತಾರೆ.

ದೂರು ಕೊಟ್ಟವರನ್ನು ಬೈಯುವುದು ನನಗೆ ಸರಿ ಕಾಣುವುದಿಲ್ಲ. ಏಜೆಂಟರನ್ನು ಕೂರಿಸುವುದೇ ನೋಡಲಿಕ್ಕೆ, ಕೇಳಲಿಕ್ಕೆ. ದೇಶದಲ್ಲೇ ಮೊದಲು ಮತಯಂತ್ರ ಬಳಸಿದ್ದು ನಮ್ಮ ರಾಜ್ಯದ ಪರವೂರಿನಲ್ಲಿ, 1982ರಲ್ಲಿ, 50 ಮತಗಟ್ಟೆಗಳಲ್ಲಿ. ಕಾನೂನಿನಲ್ಲಿ ಯಂತ್ರಕ್ಕೆ ಅವಕಾಶವೇ ಇರಲಿಲ್ಲ ಎಂದು ಸೋತ ಅಭ್ಯರ್ಥಿ ಕೋರ್ಟಿಗೆ ಹೋದರು. 1984ರಲ್ಲಿ ಗೆದ್ದರು. ಆ ಮತಗಟ್ಟೆಗಳಲ್ಲಿ ಕಾಗದದ ಮತದಾನ ಮತ್ತೆ ನಡೆಯಿತು, ಅದರಲ್ಲಿ ಅವರೇ ಆರಿಸಿ ಬಂದರು. ಯಂತ್ರಕ್ಕಾಗಿ ಕಾಯ್ದೆ ತಿದ್ದಿದ್ದು ಆಮೇಲೆ. ನೀವು ಮತ ಹಾಕುವಾಗ ಚೀಟಿ ಏಳು ಸೆಕೆಂಡ್ ಕಾಣುತ್ತದೆ, ಕಣ್ಣಿಟ್ಟು ನೋಡಿ. ಬೇರೆ ಹೆಸರು ಕಂಡರೆ ಅಲ್ಲೇ ಅಧಿಕಾರಿಗೆ ಹೇಳಿ. ಲಿಖಿತ ಹೇಳಿಕೆ ಪಡೆದು ಪರೀಕ್ಷಾ ಮತ ಹಾಕಿಸುತ್ತಾರೆ. ಸುಳ್ಳು ಹೇಳಿಕೆಗೆ ಶಿಕ್ಷೆ ಉಂಟು, ಹಾಗಾಗಿ ಖಚಿತವಾಗಿ ಕಂಡದ್ದನ್ನು ಮಾತ್ರ ಹೇಳಿ.

ಪ್ರಶ್ನೆ: ನನ್ನ ಉಳಿತಾಯ ಎಲ್ಲ ಸಹಕಾರಿ ಸಂಘದಲ್ಲಿದೆ. ಕಂಪ್ಯೂಟರ್ ಹಾಳಾದರೆ ದುಡ್ಡು ಹೋಗುತ್ತದಾ? – ಅಂಗನವಾಡಿಯಲ್ಲಿ ದುಡಿದವರು, ಬೇಳ

ಕಂಪ್ಯೂಟರ್ ಹಾಳಾದರೆ ದುಡ್ಡು ಹೋಗುವುದಿಲ್ಲ. ಆದರೆ ಲೆಕ್ಕ ಸಿಗುವುದು ತಡ ಆಗಬಹುದು. 2024ರ ಜುಲೈ ಕೊನೆಯಲ್ಲಿ, ಸಣ್ಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಒಂದು ಕಂಪನಿಗೆ, ದುಡ್ಡಿಗಾಗಿ ಕಂಪ್ಯೂಟರಿಗೆ ಬೀಗ ಹಾಕುವ ರಾನ್ಸಮ್‌ವೇರ್ ದಾಳಿಯಾಯಿತು. ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಯುಪಿಐ, ಎಟಿಎಂ ನಿಂತವು. ಅವುಗಳಲ್ಲಿ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳೇ ಹೆಚ್ಚು. 2017ರ ಮೇ ತಿಂಗಳಲ್ಲಿ ಇಂಥದ್ದೇ ದಾಳಿ ವಯನಾಡಿನ ತರಿಯೋಡು ಪಂಚಾಯತಿನ ಕಂಪ್ಯೂಟರುಗಳನ್ನೂ ಮುಟ್ಟಿತ್ತು. ಫೈಲುಗಳಿಗೆ ಬೀಗ ಹಾಕಿ, ಬಿಡಿಸಲು ಬಿಟ್‌ಕಾಯಿನ್ ಕೇಳಿದ್ದರು. ಇದು ಎಲ್ಲೋ ದೂರದ ದೊಡ್ಡ ಬ್ಯಾಂಕಿಗೆ ಮಾತ್ರ ಆಗುವಂಥದ್ದಲ್ಲ.

ನೀವು ಸಂಘದ ಸದಸ್ಯೆ. ಮಹಾಸಭೆಗೆ ಹೋಗಿ ಎರಡು ವಿಷಯ ಕೇಳಿ: ಲೆಕ್ಕದ ಬ್ಯಾಕಪ್ ದಿನಾ ತೆಗೆಯುತ್ತೀರಾ? ಅದನ್ನು ಬೇರೆ ಕಟ್ಟಡದಲ್ಲಿ ಇಡುತ್ತೀರಾ? ಉತ್ತರವನ್ನು ನಡಾವಳಿಯಲ್ಲಿ ಬರೆಸಿ. ರಿಸರ್ವ್ ಬ್ಯಾಂಕಿನ ಕಡೆಯ 5 ಲಕ್ಷದ ಠೇವಣಿ ವಿಮೆ ಬ್ಯಾಂಕುಗಳಿಗೆ ಉಂಟು, ಪ್ರಾಥಮಿಕ ಕೃಷಿ ಸಹಕಾರಿ ಸಂಘಗಳಿಗೆ ಇಲ್ಲ. ಅವುಗಳಿಗೆ ರಾಜ್ಯದ್ದೇ ಬೇರೆ ಗ್ಯಾರಂಟಿ ನಿಧಿ ಇದೆ. ನಿಮ್ಮ ಸಂಘ ಅದಕ್ಕೆ ಸೇರಿದೆಯಾ ಎಂದೂ ಕೇಳಿ. ಪಾಸ್‌ಬುಕ್ಕಿಗೆ ತಿಂಗಳಿಗೊಮ್ಮೆ ಎಂಟ್ರಿ ಹಾಕಿಸಿ. ಪ್ರಿಂಟರ್ ಕೆಟ್ಟಿದೆ ಎಂದರೆ ಕೈಯಲ್ಲಿ ಬರೆಸಿ, ಸೀಲು ಮತ್ತು ಸಹಿ ಹಾಕಿಸಿಕೊಳ್ಳಿ. ಠೇವಣಿ ರಶೀದಿಗಳ ಎರಡು ಜೆರಾಕ್ಸ್ ಮಾಡಿಸಿ, ಒಂದನ್ನು ಮಗಳ ಮನೆಯಲ್ಲಿಡಿ.